ಐದನೇ ಪುಟದಲ್ಲಿ ನಾನು ಹಾಕಿದ ಗುರುತು

2024ನೇ ಇಸವಿಯಲ್ಲಿ ನಾನು ಬಂಟ್ವಾಳ ತಾಲೂಕಿನ ನರಿಕೊಂಬಿನಲ್ಲಿ ಗೃಹಿಣಿಯಾಗಿದ್ದೆ. ಈಗಲೂ ಅದೇ ಹುದ್ದೆ, ಅದೇ ಮನೆ. ಹದಿನೆಂಟು ವರ್ಷಗಳಲ್ಲಿ ಬಡ್ತಿಯೂ ಆಗಲಿಲ್ಲ, ವರ್ಗಾವಣೆಯೂ ಆಗಲಿಲ್ಲ. ವೃತ್ತಿಯ ಅನುಭವ ಬರೆಯುವವರು ಸಾಮಾನ್ಯವಾಗಿ ಡಾಕ್ಟರುಗಳು, ವಕೀಲರು, ಬ್ಯಾಂಕಿನವರು. ಆದರೆ ಮನೆ ನಡೆಸುವ ಕೆಲಸದಲ್ಲೂ ಒಮ್ಮೊಮ್ಮೆ ಒಂದು ಕೇಸು ಬರುತ್ತದೆ. ಅದರಲ್ಲಿ ತಪ್ಪು ಮಾಡಿದವರೂ ನಾವೇ, ಸರಿ ಮಾಡಬೇಕಾದವರೂ ನಾವೇ ಆಗಿರುತ್ತೇವೆ. ದೇವರು ಕೈಹಿಡಿದು ದಾಟಿಸಿದ ಅಂಥ ಒಂದು ಕೇಸನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡ ಮಸ್ಕತ್ತಿನ ಒಂದು ಹೋಟೆಲಿನಲ್ಲಿ ಸ್ಟೋರು ನೋಡಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ನಲವತ್ತು ದಿನ ಊರಿಗೆ ಬರುತ್ತಾರೆ. ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಅತ್ತೆ. ನಾವು ಅತ್ತೆಯನ್ನು ಮಾಮಿ ಎಂದು ಕರೆಯುವುದು. ಮಾಮಿಗೆ ಆಗ ಎಪ್ಪತ್ತನಾಲ್ಕು ವರ್ಷ. ಮೂರನೇ ತರಗತಿಯವರೆಗೆ ಶಾಲೆಗೆ ಹೋದವರು, ಆದರೆ ನಮ್ಮ ಮನೆಯಲ್ಲಿ ಯಾವ ಹಬ್ಬದಂದು ಯಾರು ಬಂದಿದ್ದರು, ಏನು ಅಡುಗೆ ಮಾಡಿದ್ದೆವು ಎಂಬುದೆಲ್ಲ ಅವರಿಗೆ ಬಾಯಿಪಾಠ. ನಮ್ಮ ಒಬ್ಬಳೇ ಮಗಳು ಪ್ರಾಪ್ತಿ ಮೂಡುಬಿದಿರೆ ಸಮೀಪದ ಮಿಜಾರಿನಲ್ಲಿ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿ ಓದುತ್ತಿದ್ದಳು.

ಹಿಂದಿನ ವರ್ಷದ ನವೆಂಬರಿನಲ್ಲಿ ಅವಳ ಇಂಗ್ಲಿಷ್ ಟೀಚರ್ ಲವೀನಾ ನನ್ನನ್ನು ಶಾಲೆಗೆ ಕರೆಸಿದರು. ನಾನು ಬಂಟ್ವಾಳದಿಂದ ಸಿದ್ದಕಟ್ಟೆ ಮಾರ್ಗವಾಗಿ ಬಸ್ಸು ಹತ್ತಿದಾಗ, ಮಗಳು ಏನೋ ಕಿತಾಪತಿ ಮಾಡಿರಬೇಕು ಎಂದುಕೊಂಡಿದ್ದೆ. ಟೀಚರ್ ಹೇಳಿದ್ದು ಬೇರೆಯೇ. ಸ್ಟೂಡೆಂಟ್ ಎಕ್ಸ್‌ಚೇಂಜ್ ಎಂದು ಒಂದು ಉಂಟಂತೆ. ಹೈಸ್ಕೂಲಿನ ಮಕ್ಕಳು ಹತ್ತು ತಿಂಗಳು ಬೇರೆ ದೇಶದ ಒಂದು ಕುಟುಂಬದ ಜೊತೆ ಇದ್ದು, ಅಲ್ಲಿಯ ಶಾಲೆಗೆ ಹೋಗಿ, ವಾಪಸು ಬರುವುದು. ಆ ಕುಟುಂಬಕ್ಕೆ ಹೋಸ್ಟ್ ಫ್ಯಾಮಿಲಿ ಎನ್ನುತ್ತಾರೆ. ಪ್ರವಾಸ ಅಲ್ಲ, ದೊಡ್ಡ ಓದಿಗೆ ಹೋಗುವುದೂ ಅಲ್ಲ. ಇನ್ನೊಂದು ಮನೆಯಲ್ಲಿ ಮಗಳಾಗಿ ಇರುವುದು. ಪರೀಕ್ಷೆ, ಸಂದರ್ಶನ ಎರಡರಲ್ಲೂ ಪಾಸಾದರೆ ಖರ್ಚಿನ ಬಹುಪಾಲನ್ನು ಇದನ್ನು ನಡೆಸುವ ಸಂಸ್ಥೆಯವರೇ ನೋಡಿಕೊಳ್ಳುತ್ತಾರೆ. ಪ್ರಾಪ್ತಿ ಯಾರಿಗೂ ಹೇಳದೆ ಅರ್ಜಿಯ ಮೊದಲ ಭಾಗ ಬರೆದು ಟೀಚರ ಮೇಜಿನ ಮೇಲೆ ಇಟ್ಟಿದ್ದಳು.

ಮನೆಯಲ್ಲಿ ಎರಡು ದಿನ ಚರ್ಚೆ ಆಯಿತು. ಒಂದು ವರ್ಷ ಪಿಯುಸಿ ಹಿಂದೆ ಬೀಳುತ್ತದೆ ಎಂಬುದು ನನ್ನ ಚಿಂತೆ. ಹೆಣ್ಣು ಹುಡುಗಿ ಗುರುತಿಲ್ಲದವರ ಮನೆಯಲ್ಲಿ ಇರುವುದು ಹೇಗೆ ಎಂಬುದು ಮಾಮಿಯ ಚಿಂತೆ. ಗಂಡ ಮಸ್ಕತ್ತಿನಿಂದ ಫೋನಿನಲ್ಲಿ ನಮ್ಮಿಬ್ಬರನ್ನೂ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಕಳಿಸುವ. ನಾನು ಇಪ್ಪತ್ತೆರಡಕ್ಕೆ ಇಲ್ಲಿಗೆ ಬರುವಾಗ ಲಿಫ್ಟಿನ ಬಟನ್ ಒತ್ತಲಿಕ್ಕೂ ಬರ್ತಿರಲಿಲ್ಲ. ಅವಳಾದರೂ ಕಲಿತು ಹೊರಗೆ ಹೋಗ್ಲಿ."

ಜನವರಿಯಲ್ಲಿ ಮಂಗಳೂರಿನಲ್ಲಿ ಸಂದರ್ಶನ ನಡೆಯಿತು. ಫೆಬ್ರವರಿ ಮೊದಲ ವಾರ ಆಯ್ಕೆಯ ಪತ್ರ ಬಂತು. ದೇಶ ಅಮೆರಿಕ, ರಾಜ್ಯ ವಿಸ್ಕಾನ್ಸಿನ್; ಹೊರಡುವುದು ಆಗಸ್ಟಿನಲ್ಲಿ. ಅಲ್ಲಿಂದ ನನ್ನ ಕೆಲಸ ಶುರು.

ಹಾಸ್ಟೆಲಿನ ಮಗುವಿಗೆ ತಟ್ಟೆ ತೊಳೆಯುವುದು ಬಿಟ್ಟರೆ ಮನೆಗೆಲಸ ಗೊತ್ತಿರಲಿಲ್ಲ. ಭಾನುವಾರ ಮನೆಗೆ ಬಂದಾಗಲೆಲ್ಲ ಅನ್ನ, ತೊವ್ವೆ, ನೀರುದೋಸೆ ಮಾಡಿಸಿದೆ. ಬಟ್ಟೆ ಮಡಚುವುದು, ಬಚ್ಚಲು ಉಜ್ಜುವುದು, ಬೇರೆಯವರ ಅಡುಗೆ ಹಿಡಿಸದಿದ್ದರೆ ಮುಖ ಸಿಂಡರಿಸದೆ ಉಣ್ಣುವುದು, ಇವನ್ನೂ ಕಲಿಸಿದೆ. ಕೊನೆಯದಕ್ಕೆ ನನ್ನದೇ ಹಾಗಲಕಾಯಿ ಪಲ್ಯ ಸಾಕಾಯಿತು. ಅರ್ಜಿಯಲ್ಲಿ "ಮನೆಯೊಳಗೆ ನಾಯಿ ಇದ್ದರೆ ಇರಬಲ್ಲಿರಾ" ಎಂದು ಒಂದು ಪ್ರಶ್ನೆ ಇತ್ತು. ಪ್ರಾಪ್ತಿ "ಹೌದು" ಎಂದು ಗುರುತು ಹಾಕಿದಳು. ಅಲ್ಲಿ ನಾಯಿ ಮಂಚದಲ್ಲೇ ಮಲಗುತ್ತದೆ ಎಂದು ಅವಳು ವಿವರಿಸಿದಾಗ ಮಾಮಿ ಹೇಳಿದರು: "ಹಾಗಾದ್ರೆ ನೀನು ಅಂಗಳದಲ್ಲಿ ಚಾಪೆ ಹಾಕು ಮಾರಾಯ್ತಿ. ಯಾರಾದ್ರೂ ಒಬ್ರು ಮನೆ ಕಾಯ್ಬೇಕಲ್ಲ."

ಫೆಬ್ರವರಿಯಲ್ಲಿ ಬಂದ ಕಾಗದಗಳಲ್ಲಿ ದೊಡ್ಡದು ಆರೋಗ್ಯದ ಫಾರ್ಮು. ಎಂಟು ಪುಟ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ. ನನ್ನದೂ ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ ತಾಯಿಮನೆಯಲ್ಲಿದ್ದಾಗಲೇ ಆದದ್ದು. ಪ್ರಾಪ್ತಿಗೆ ಮೊದಲ ಚುಚ್ಚುಮದ್ದುಗಳನ್ನು ಹಾಕಿದವರು ಅಲ್ಲಿಯ ಆರೋಗ್ಯ ಉಪಕೇಂದ್ರದ ಸಿಸ್ಟರ್. ಆ ಕಾರ್ಡು ಅವಳ ಜಾತಕದ ಜೊತೆ ನನ್ನ ತಾಯಿಯ ಕಪಾಟಿನಲ್ಲೇ ಹದಿನೈದು ವರ್ಷ ಇತ್ತು. ಗೆದ್ದಲು ಹಿಡಿಯದೆ ಸಿಕ್ಕಿತು. ಅದೊಂದು ಕೃಪೆ ಎಂದು ದೇವರಿಗೆ ಕೈಮುಗಿದೆ. ಫಾರ್ಮಿನ ಹೆಚ್ಚಿನ ಲಸಿಕೆಗಳು ಕಾರ್ಡಿನಲ್ಲಿ ಇದ್ದವು. ಒಂದೇ ಒಂದು ಇರಲಿಲ್ಲ: ಚಿಕನ್ ಪಾಕ್ಸ್ ಲಸಿಕೆ. ಸರಕಾರಿ ಕೇಂದ್ರದಲ್ಲಿ ಅದನ್ನು ಕೊಡುತ್ತಿರಲಿಲ್ಲ.

ಐದನೇ ಪುಟದಲ್ಲಿ ಹಿಂದೆ ಬಂದ ರೋಗಗಳ ಪಟ್ಟಿ. ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂಬ ಎರಡು ಚೌಕ. ತಂದೆ ಅಥವಾ ತಾಯಿ ತುಂಬಿ ಸಹಿ ಹಾಕಬೇಕು. ಪ್ರಾಪ್ತಿ ಪರೀಕ್ಷೆಯ ಓದಿನಲ್ಲಿದ್ದಳು. ಒಂದು ಮಧ್ಯಾಹ್ನ ನಾನು ಮೊಬೈಲಿನಲ್ಲಿ ಅರ್ಥ ನೋಡಿಕೊಳ್ಳುತ್ತಾ ತುಂಬುತ್ತಿದ್ದೆ. ಮಾಮಿ ಪಕ್ಕದಲ್ಲಿ ಕುಳಿತು ತೆಂಗಿನ ಗರಿಯ ಕಡ್ಡಿ ತೆಗೆಯುತ್ತಿದ್ದರು. ನಾನು ಒಂದೊಂದಾಗಿ ಓದಿ ಹೇಳುತ್ತಾ ಹೋದೆ. ಕಾಮಾಲೆ, ಇಲ್ಲ. ದಮ್ಮು, ಇಲ್ಲ. ಫಿಟ್ಸ್, ಇಲ್ಲ. ಚಿಕನ್ ಪಾಕ್ಸ್ ಎಂದಾಗ ಮಾಮಿಯ ಕೈ ನಿಂತಿತು.

ಇಲ್ಲಿ ನಮ್ಮ ಪದ್ಧತಿ ಹೇಳಬೇಕು. ಪ್ರಾಪ್ತಿಗೆ ಆರು ವರ್ಷವಾಗಿದ್ದಾಗ, ಬೇಸಿಗೆ ರಜೆಯಲ್ಲಿ, ಮೈಮೇಲೆ ಗುಳ್ಳೆಗಳು ಎದ್ದಿದ್ದವು. ನಮ್ಮ ಮನೆಗಳಲ್ಲಿ ಅದನ್ನು ರೋಗ ಎನ್ನುವುದಿಲ್ಲ, ಹೆಸರು ಹಿಡಿದೂ ಹೇಳುವುದಿಲ್ಲ. ದೇವಿ ಮಾರಿಯಮ್ಮ ಬಂದಿದ್ದಾಳೆ ಎನ್ನುತ್ತೇವೆ. ಬಂದವಳು ಅತಿಥಿ. ಮನೆಯಲ್ಲಿ ಮೀನು ಬೇಯಿಸುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಸೇರಿಸುವುದಿಲ್ಲ. ಮಗುವನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಬೊಂಡ, ಅಂದರೆ ಎಳನೀರು, ಕುಡಿಸುತ್ತೇವೆ. ಗುಳ್ಳೆಗಳು ಒಣಗಿದ ಮೇಲೆ ಬೇವು, ಅರಸಿನ ಹಾಕಿ ಬಿಸಿಲಿಗಿಟ್ಟ ನೀರಿನಲ್ಲಿ ಮೀಯಿಸಿ, ಮಾರಿಗುಡಿಗೆ ಹೋಗಿ ಹೂ ಒಪ್ಪಿಸಿ ಬೀಳ್ಕೊಡುತ್ತೇವೆ. ಆ ಮೇಲೆ ಅದರ ಮಾತು ಎತ್ತುವುದಿಲ್ಲ. ಅತಿಥಿಯಾಗಿ ಬಂದು ಹೋದವಳನ್ನು ರೋಗದ ಪಟ್ಟಿಗೆ ಸೇರಿಸಿದರೆ ಅವಳು ಮುನಿಯುತ್ತಾಳೆ ಎಂದು ನಾನು ಚಿಕ್ಕಂದಿನಿಂದ ಕೇಳಿದ್ದೆ. ನಂಬಿಯೂ ಇದ್ದೆ.

ನಾನು "ಇಲ್ಲ" ಎಂಬ ಚೌಕದಲ್ಲಿ ಗುರುತು ಹಾಕಿದೆ. ಮಾಮಿ ಮತ್ತೆ ಕಡ್ಡಿ ತೆಗೆಯತೊಡಗಿದರು.

ಬಿ.ಸಿ.ರೋಡಿನ ಮಕ್ಕಳ ಡಾಕ್ಟರಮ್ಮ ಫಾರ್ಮಿಗೆ ಸಹಿ ಹಾಕುವ ಮೊದಲು ಬಾಯಿಬಿಟ್ಟು ಕೇಳಿದರು. ಆಗಲೂ ಇಲ್ಲ ಎಂದೆ. ಹಾಗಾದರೆ ಲಸಿಕೆ ಹಾಕಿಸುವುದು ಒಳ್ಳೆಯದು ಎಂದರು. ಪರೀಕ್ಷೆ ಮುಗಿಯಲಿ, ನೋಡುವ ಎಂದು ನಾನೇ ಮುಂದೆ ಹಾಕಿದೆ. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದನ್ನು ಹೇಳಬೇಕಾದ ಕುರ್ಚಿಯಲ್ಲಿ ಕುಳಿತು ಹೇಳಲಿಲ್ಲ.

ಮಾರ್ಚ್ ಕೊನೆಯಲ್ಲಿ ಹೋಸ್ಟ್ ಫ್ಯಾಮಿಲಿ ಸಿಕ್ಕಿತು. ಗಂಡ, ಹೆಂಡತಿ, ಪ್ರಾಪ್ತಿಗಿಂತ ಒಂದು ವರ್ಷ ಚಿಕ್ಕವಳಾದ ಮಗಳು. ಪ್ರಾಪ್ತಿಗೆ ಕೊಡುವ ಕೋಣೆಗೆ ಯಾವ ಬಣ್ಣ ಹೊಡೆಯಬೇಕು ಎಂದು ಆ ಹುಡುಗಿ ಬರೆದು ಕೇಳಿದ್ದಳು. ಪ್ರಾಪ್ತಿ ಎಳೆ ಹಳದಿ ಎಂದು ಬರೆದಳು. ಬಣ್ಣ ಹೊಡೆದು ಫೋಟೊ ಕಳಿಸಿದರು. ಆ ಫೋಟೊವನ್ನು ನನ್ನ ಮಗಳು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದಳೋ.

ಏಪ್ರಿಲ್ 19ರಂದು ಸಂಸ್ಥೆಯಿಂದ ಇಮೇಲ್ ಬಂತು. ಪರೀಕ್ಷೆ ಮುಗಿಸಿ ಪ್ರಾಪ್ತಿ ಮನೆಯಲ್ಲೇ ಇದ್ದಳು. ಚಾವಡಿಯಲ್ಲಿ ನಿಂತು ಓದಿದಳು. ನಿಮ್ಮ ಫಾರ್ಮಿನ ಪ್ರಕಾರ ವಿದ್ಯಾರ್ಥಿನಿಗೆ ಚಿಕನ್ ಪಾಕ್ಸ್ ಬಂದಿಲ್ಲ, ಲಸಿಕೆಯೂ ಆಗಿಲ್ಲ. ಆತಿಥೇಯ ಶಾಲೆ ಹಾಗೆ ಸೇರಿಸಿಕೊಳ್ಳುವುದಿಲ್ಲ. ಕನಿಷ್ಠ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಆದ ದಾಖಲೆ ಮೇ 10ರೊಳಗೆ ಬರಬೇಕು. ಇಲ್ಲವಾದರೆ ಈ ಸ್ಥಾನ ಕಾಯುವ ಪಟ್ಟಿಯ ಮುಂದಿನವರಿಗೆ.

ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಬೆರಳಿಟ್ಟು ಎಣಿಸಿದೆ. ಮರುದಿನವೇ ಮೊದಲ ಡೋಸ್ ಹಾಕಿದರೂ ಎರಡನೆಯದು ಮೇ 18ಕ್ಕೆ. ಎಂಟು ದಿನ ತಡ.

ಪ್ರಾಪ್ತಿ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇಲ್ಲ ಅಂತ ಗುರುತು ಹಾಕಿದ್ದು ಯಾರಮ್ಮ?" ಎಂದು ಕೇಳಿದಳು.

"ನಾನೇ."

ಎಡ ಹುಬ್ಬಿನ ಮೇಲೆ ಅವಳಿಗೆ ಅವರೆಕಾಳಿನಷ್ಟು ಒಂದು ಗುಳಿ ಉಂಟು, ಆಗ ಗುಳ್ಳೆ ಕೆರೆದುಕೊಂಡದ್ದರ ಕಲೆ. ಅದರ ಮೇಲೆ ಬೆರಳಿಟ್ಟಳು. "ಮತ್ತೆ ಇದೆಂತದು?"

ಮಾಮಿ ಒಳಗಿನಿಂದ ಬಂದು, ಅದನ್ನೆಲ್ಲ ಕಾಗದದಲ್ಲಿ ಬರೆಯಲಿಕ್ಕಿಲ್ಲ ಮಗ, ದೇವರ ಕಾರ್ಯಕ್ಕೆ ಡಾಕ್ಟರ ಸರ್ಟಿಫಿಕೇಟ್ ಯಾರು ತೆಗೆದುಕೊಳ್ತಾರೆ ಎಂದರು. ಪ್ರಾಪ್ತಿ ಅಜ್ಜಿಗೆ ಎದುರು ಮಾತಾಡುವವಳಲ್ಲ. "ಸರಿ ಅಜ್ಜಿ. ಆ ಕೋಣೆಗೆ ಬೇರೆ ಹುಡುಗಿ ಬರ್ತಾಳೆ, ಅಷ್ಟೇ" ಎಂದು ಹೇಳಿ ಬಾವಿಕಟ್ಟೆಯ ಹತ್ತಿರ ಹೋಗಿ ಕುಳಿತಳು. ಮಾಮಿ ಅವಳು ಹೋದ ಕಡೆಯೇ ನೋಡುತ್ತಾ ನಿಂತರು.

ನಾನು ಲವೀನಾ ಟೀಚರಿಗೆ ಫೋನ್ ಮಾಡಿ ಇದ್ದದ್ದನ್ನೆಲ್ಲ ಹೇಳಿದೆ. ನನ್ನ ಹೆದರಿಕೆ ಎರಡು. ಒಂದು, ಈಗ "ಹೌದು" ಎಂದರೆ ಸುಳ್ಳು ಬರೆದವರು ಎಂದು ಪೂರ್ತಿ ಅರ್ಜಿಯನ್ನೇ ತಳ್ಳಿಹಾಕಿದರೆ? ಇನ್ನೊಂದು, ಬರೆದು ಕೊಟ್ಟರೆ ದೇವಿ ಮುನಿದರೆ? ಈ ಎರಡನೆಯದನ್ನು ಟೀಚರಿಗೆ ಹೇಳುವಾಗ ತಡವರಿಸಿದೆ. ಅವರು ಕ್ರಿಶ್ಚಿಯನ್ನರು, ಆದರೂ ಅರ್ಥ ಮಾಡಿಕೊಂಡರು. "ನಮ್ಮ ಅಜ್ಜಿಯೂ ಅದರ ಹೆಸರು ಹೇಳ್ತಿರಲಿಲ್ಲ ಅಕ್ಕ" ಎಂದರು. ಆಮೇಲೆ ಸ್ವರ ಬದಲಿಸಿದರು: "ಅವತ್ತು ನೀವು ಬರೆದದ್ದು ಭಕ್ತಿಯಿಂದ ಅಂತ ಇಟ್ಕೊಳ್ಳುವ. ಇವತ್ತು ಗೊತ್ತಾದ ಮೇಲೂ ಸುಮ್ಮನೆ ಕೂತ್ರೆ ಅದು ಸುಳ್ಳೇ. ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗಿ."

ಆ ಸಂಜೆ ದೇವರಿಗೆ ದೀಪ ಹಚ್ಚಿ ಬಹಳ ಹೊತ್ತು ಕುಳಿತೆ. ದೊಡ್ಡ ಬೇಡಿಕೆ ಇಡಲಿಲ್ಲ. ನನಗೆ ಹೇಳಲು ಬಾಯಿ ಕೊಡು ಎಂದಷ್ಟೇ ಕೇಳಿಕೊಂಡೆ.

ಮರುದಿನ ಎಂಟು ಗಂಟೆಗೆ ನಾನೂ ಪ್ರಾಪ್ತಿಯೂ ಹೊರಡುವಾಗ ಮಾಮಿ ಒಗೆದ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದರು. ಎಲ್ಲಿಗೆ ಎಂದು ಕೇಳಿದೆ. ಮೊಣಕಾಲು ನೋವಿಗೆ ಡಾಕ್ಟರಿಗೆ ತೋರಿಸಬೇಕು ಎಂದರು. ನಾವು ಹೋಗುವುದು ಮಕ್ಕಳ ಡಾಕ್ಟರ ಹತ್ತಿರ ಎಂದೆ. "ಅವರಿಗೆ ಮೊಣಕಾಲು ಇಲ್ವಾ?" ಎಂದು ರಿಕ್ಷಾದಲ್ಲಿ ಮೊದಲು ಕುಳಿತುಬಿಟ್ಟರು.

ಡಾಕ್ಟರಮ್ಮನ ಎದುರು ನಾನು ಒಂದೇ ಉಸಿರಿಗೆ ಹೇಳಿದೆ: ಬಂದಿತ್ತು, ನಾನು ಇಲ್ಲ ಎಂದೆ, ತಪ್ಪು ನನ್ನದು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಾರಕ್ಕೆ ಒಬ್ಬರಾದ್ರೂ ಹೀಗೆ ಮಾಡ್ತಾರೆ. ದೇವಿ ಬಂದು ಹೋದ ಗುರುತು ರಕ್ತದಲ್ಲಿ ಉಳೀತದೆ. ಹುಡುಕಿ ನೋಡುವ" ಎಂದರು.

ಅದಕ್ಕಿರುವ ರಕ್ತ ಪರೀಕ್ಷೆಯ ಬಗ್ಗೆ ಅವರು ವಿವರಿಸಿದರು. ಚಿಕನ್ ಪಾಕ್ಸ್ ಬಂದವರ ರಕ್ತದಲ್ಲಿ ಅದರ ವಿರುದ್ಧ ಆಂಟಿಬಾಡಿ ಎಂಬ ರಕ್ಷಣೆ ಉಂಟಾಗುತ್ತದೆ. ಐಜಿಜಿ ಎಂಬ ಟೆಸ್ಟಿನಲ್ಲಿ ಅದು ಕಾಣುತ್ತದೆ. ಅದು ಪಾಸಿಟಿವ್ ಬಂದರೆ ಲಸಿಕೆಯ ಬದಲಿಗೆ ಒಪ್ಪಬಹುದು. ಆದರೆ ಕೆಲವರಲ್ಲಿ ಹತ್ತು ವರ್ಷದ ನಂತರ ಟೆಸ್ಟಿಗೆ ಸಿಗುವಷ್ಟು ಇರುವುದಿಲ್ಲ. ಹಾಗಾಗಿ ರೋಗ ಬಂದದ್ದರ ಸರಿಯಾದ ವಿವರವನ್ನು ಡಾಕ್ಟರಾಗಿ ತಾನೂ ಪ್ರತ್ಯೇಕವಾಗಿ ಬರೆದು ಕೊಡಬೇಕಾಗುತ್ತದೆ, ಕಣ್ಣಾರೆ ಕಂಡವರು ಹೇಳಿದ್ದನ್ನು ಕೇಳದೆ ಬರೆಯುವುದಿಲ್ಲ ಎಂದರು. "ಯಾವ ತಿಂಗಳು? ಎಷ್ಟು ದಿನ? ಎಲ್ಲಿಂದ ಶುರುವಾಯ್ತು?"

ನನಗೆ ಬೇಸಿಗೆ ರಜೆ ಎಂಬುದು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಹತ್ತು ವರ್ಷ ಮಾತೇ ಎತ್ತದ ವಿಷಯ ನನ್ನ ತಲೆಯಿಂದ ಅಳಿಸಿಹೋಗಿತ್ತು. ಪ್ರಾಪ್ತಿ ನನ್ನ ಮುಖ ನೋಡಿದಳು. ಡಾಕ್ಟರಮ್ಮನ ಪೆನ್ನು ಹಾಗೆಯೇ ಕಾಯುತ್ತಿತ್ತು.

ಆಗ ಮಾಮಿ ಸೆರಗು ಹೊದ್ದುಕೊಂಡು, ಎರಡು ಕೈ ಜೋಡಿಸಿ, ಕಣ್ಣು ಮುಚ್ಚಿ ಬಾಯಲ್ಲೇ ಏನೋ ಹೇಳಿಕೊಂಡರು. ಕಣ್ಣು ತೆರೆದು ಡಾಕ್ಟರಮ್ಮನ ಕಡೆ ತಿರುಗಿದರು.

"ಬರ್ಕೊಳ್ಳಿ. ಬಿಸು ಹಬ್ಬದ ಮಾರನೇ ದಿನ ಜ್ವರ. ಅದರ ಮಾರನೇ ದಿನ ಬೆನ್ನಿನಲ್ಲಿ ಮೂರು ಕೆಂಪು ಬೊಕ್ಕೆ, ಸಂಜೆಗೆ ಹೊಟ್ಟೆಗೆ, ಆಮೇಲೆ ಮುಖಕ್ಕೆ, ತಲೆಕೂದಲಿನ ಒಳಗೆ. ಕೈಕಾಲಿಗೆ ಕಡಿಮೆ. ನಾಲ್ಕನೇ ದಿನ ನೋಡಿದ್ರೆ ಒಂದು ಕಡೆ ಹೊಸತಾಗಿ ಕೆಂಪು ಏಳ್ತಾ ಉಂಟು, ಒಂದು ಕಡೆ ನೀರು ತುಂಬಿದ್ದು ಉಂಟು, ಒಂದು ಕಡೆ ಒಣಗಿದ್ದೂ ಉಂಟು. ಒಂಬತ್ತನೇ ದಿನ ನೀರು ಹಾಕಿದ್ದು, ಮಂಗಳವಾರ ಆಗ್ಬಾರದು ಅಂತ ಒಂದು ದಿನ ಕಾದು."

ಬಿಸು ಎಂದರೆ ಏಪ್ರಿಲ್ ಮಧ್ಯದಲ್ಲಿ ಬರುವ ನಮ್ಮ ಹೊಸವರ್ಷ. ಡಾಕ್ಟರಮ್ಮ ಬರೆಯುತ್ತಲೇ ಇದ್ದರು. ಮುಗಿದ ಮೇಲೆ ಹೇಳಿದರು, ನೀರು ತುಂಬಿದ್ದು, ಒಣಗಿದ್ದು, ಹೊಸತು ಮೂರೂ ಒಟ್ಟಿಗೆ ಕಾಣುವುದೇ ಈ ರೋಗದ ಮುಖ್ಯ ಲಕ್ಷಣ. ಕಾಲೇಜಿನಲ್ಲಿ ಮಕ್ಕಳು ಇದನ್ನು ಪರೀಕ್ಷೆಗೆ ಓದುತ್ತಾರೆ. "ಇಷ್ಟು ಚಂದ ಹಿಸ್ಟರಿ ನನಗೆ ಹೌಸ್ ಸರ್ಜನ್ನುಗಳೂ ಕೊಡುವುದಿಲ್ಲ ಅಮ್ಮ."

ಮಾಮಿ ಹೆಸರು ಹೇಳದೆ, ದಿನಗಳನ್ನು ಎಣಿಸಿ ವ್ರತ ಹಿಡಿದಿದ್ದರಲ್ಲ, ಆ ಎಣಿಕೆಯೇ ಅವರ ತಲೆಯಲ್ಲಿ ಕೇಸ್ ಶೀಟಾಗಿ ಉಳಿದಿತ್ತು. ಅತಿಥಿಯ ಸೇವೆ ಮಾಡಿದವರಿಗೆ ಅತಿಥಿ ಬಂದ ದಿನ, ಹೋದ ದಿನ ಮರೆಯುವುದುಂಟೇ?

ನರ್ಸಿಗೆ ಮೊದಲ ಸಲಕ್ಕೇ ನರ ಸಿಕ್ಕಿತು, ಇದೊಂದು ಕೃಪೆ. ರಕ್ತ ಮಂಗಳೂರಿಗೆ ಹೋಯಿತು. ನಾಲ್ಕು ದಿನ ಕಾಯಬೇಕಿತ್ತು. ಹೊರಗೆ ಬಂದ ಮೇಲೆ ಮಾಮಿಯನ್ನು ಮೊಣಕಾಲಿನ ಬಗ್ಗೆ ಕೇಳಿದೆ. ಕಡಿಮೆಯಾಗಿದೆ ಎಂದರು. ಹೋಟೆಲಿಗೆ ಹೋಗಿ ಮೂವರೂ ಚಹಾ ಕುಡಿದೆವು. ಅಲ್ಲಿ ಅವರು ಮೆಲ್ಲಗೆ ಒಂದೇ ಮಾತು ಹೇಳಿದರು: "ಮುನಿಯುವುದಿದ್ರೆ ನನ್ನ ಮೇಲೆ ಮುನಿಯಲಿ ಅಂತ ಕೇಳ್ಕೊಂಡೆ. ನನಗೆ ಹೇಗೂ ವಯಸ್ಸಾಯ್ತಲ್ಲ."

ಆ ನಾಲ್ಕು ದಿನಗಳಲ್ಲಿ ನಾನು ಸಂಸ್ಥೆಗೆ ಪತ್ರ ಬರೆದೆ. ನಾನು ಕನ್ನಡದಲ್ಲಿ ಹೇಳಿದ್ದನ್ನು ಪ್ರಾಪ್ತಿ ಇಂಗ್ಲಿಷಿಗೆ ತಂದಳು. ನನ್ನ ಮಗಳಿಗೆ ಆರನೇ ವಯಸ್ಸಿನಲ್ಲಿ ಚಿಕನ್ ಪಾಕ್ಸ್ ಬಂದಿತ್ತು. ನಾನು ಇಲ್ಲ ಎಂದು ಬರೆದದ್ದು ತಪ್ಪು. ನಾನು ಹಾಗೆ ಬರೆದದ್ದು ಮಗಳಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಅದನ್ನು ರೋಗ ಎಂದು ಕರೆಯುವುದಿಲ್ಲ, ದೇವಿಯ ಭೇಟಿ ಎನ್ನುತ್ತೇವೆ. ಕೊನೆಯ ವಾಕ್ಯ ಬೇಕಾ, ಅವರು ನಗಬಹುದು ಎಂದು ಪ್ರಾಪ್ತಿ ಕೇಳಿದಳು. ಇರಲಿ, ಅದೂ ಸತ್ಯವೇ ಎಂದೆ. ಅರ್ಧ ಸತ್ಯ ಬರೆದು ಒಮ್ಮೆ ಆಗಿತ್ತು.

ಏಪ್ರಿಲ್ 24ರಂದು ರಿಪೋರ್ಟ್ ಬಂತು. ಪಾಸಿಟಿವ್. ಡಾಕ್ಟರಮ್ಮನ ಪತ್ರ, ರಿಪೋರ್ಟ್, ತಿದ್ದಿದ ಐದನೇ ಪುಟ, ನನ್ನ ಪತ್ರ ಎಲ್ಲವನ್ನೂ ಅದೇ ದಿನ ಕಳಿಸಿದೆವು. ಮತ್ತೆ ಒಂಬತ್ತು ದಿನ ಉತ್ತರ ಇಲ್ಲ. ಮಗಳು ಮೊಬೈಲು ಕೈಯಿಂದ ಕೆಳಗಿಡಲಿಲ್ಲ. ನಾನು ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ.

ಮೇ 3ರಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಪ್ರಾಪ್ತಿ ಅಡುಗೆಮನೆಯ ಬಾಗಿಲಿಗೆ ಬಂದಳು. ಎರಡೇ ಸಾಲಿನ ಉತ್ತರ: ದಾಖಲೆಗಳು ತಲುಪಿವೆ, ವಿದ್ಯಾರ್ಥಿನಿಯ ಸ್ಥಾನ ಖಚಿತ, ತಿದ್ದಿ ತಿಳಿಸಿದ್ದಕ್ಕೆ ತಾಯಿಗೆ ಧನ್ಯವಾದ. ಓದಿ ಮುಗಿಸುವಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಸೀದುಹೋಯಿತು.

ಮಾಮಿ ಚಾವಡಿಯಿಂದಲೇ ಕೇಳಿದರು: "ಒಪ್ಪಿದ್ರಾ?"

"ಒಪ್ಪಿದ್ರು ಅಜ್ಜಿ."

"ಯಾವುದನ್ನು? ರಕ್ತವನ್ನಾ, ನನ್ನ ಮಾತನ್ನಾ?"

"ಎರಡನ್ನೂ ಕೇಳಿದ್ರು, ಎರಡನ್ನೂ ಒಪ್ಪಿದ್ರು" ಎಂದಳು ಪ್ರಾಪ್ತಿ. ಮಾಮಿ ಮುಂದಿನ ಮಂಗಳವಾರ ಮಾರಿಗುಡಿಗೆ ಹೋಗಿ ಒಂದು ಬುಟ್ಟಿ ಹೂ ಕೊಟ್ಟು ಬಂದರು.

ಪ್ರಾಪ್ತಿ ಆಗಸ್ಟಿನಲ್ಲಿ ಹೋದಳು, ಮರುವರ್ಷ ಜೂನಿನಲ್ಲಿ ಬಂದಳು. ಅದು ಅವಳ ಕಥೆ, ಅವಳೇ ಬರೆಯಲಿ.

ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ದೇವಿಯ ಗೌರವ ಉಳಿಸಲು ನಾನು ಏನನ್ನೂ ಮುಚ್ಚಿಡಬೇಕಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವಳಿಗೆ ಏನೂ ಕಡಿಮೆಯಾಗುವುದಿಲ್ಲ. ಇನ್ನೊಂದು, ಮನೆಯ ದಾಖಲೆ ಕಪಾಟಿನಲ್ಲಿ ಮಾತ್ರ ಇರುವುದಲ್ಲ. ಈಗ ನರಿಕೊಂಬಿನಲ್ಲಿ ಮಕ್ಕಳ ಹಾಸ್ಟೆಲಿಗೋ ಪಾಸ್‌ಪೋರ್ಟಿಗೋ ಫಾರ್ಮು ತುಂಬಬೇಕಾದವರು ನನ್ನ ಹತ್ತಿರ ಬರುತ್ತಾರೆ. ಬಂದವರು ಫೈಲು ಬಿಚ್ಚುವ ಮೊದಲೇ ನಾನು ಹೇಳುತ್ತೇನೆ: ಫಾರ್ಮು ಇಲ್ಲೇ ಇರಲಿ, ಮನೆಗೆ ಹೋಗಿ ನಿಮ್ಮ ಅತ್ತೆಯನ್ನು ಕರೆದುಕೊಂಡು ಬನ್ನಿ.